ಮನೆಯ ಅಗುಳಿಯನ್ನೇ ಹಿಡಿದು ಬರುವ ಚಳಿಜ್ವರ

ನಡುಮನೆಗೆ ಹಾಸಿದ ನುಣುಪಾದ ಶಹಾಬಾದಿ ಕಲ್ಲನ್ನು ಬಲ್ಲವರು ಅದು ಹುಟ್ಟಿದ ಸೀಮೆಯನ್ನು ಕಂಡಿರುವುದು ವಿರಳ. ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ನೆಲದಡಿ ಪದರಪದರವಾಗಿ ಮಲಗಿರುವ ಸುಣ್ಣಕಲ್ಲನ್ನು ಎತ್ತಿದ ಮೇಲೆ ಉಳಿಯುವುದು ಗುಂಡಿ. ಮಳೆಯ ನೀರು ಅಲ್ಲಿ ನಿಂತಿತೆಂದರೆ ಅನಾಫಿಲಿಸ್ ಸೊಳ್ಳೆಗೆ ಬೇರೆ ತೊಟ್ಟಿಲು ಬೇಡ. ಚಿಂಚೋಳಿಯಿಂದ ಕೂಲಿಗೆ ಬಂದು, ಹಗಲೆಲ್ಲ ಕಲ್ಲೊಡೆದು, ರಾತ್ರಿ ಗುಡಿಸಲ ಮುಂದೆ ಮೈಮರೆತು ಮಲಗಿದವನಿಗೆ ಅದರ ಕಡಿತ ತಿಳಿಯುವುದೂ ಇಲ್ಲ. ಎರಡು ವಾರದ ಹೊತ್ತಿಗೆ, ದಿನ ಬಿಟ್ಟು ದಿನ, ಕಂಬಳಿ ಹೊದ್ದರೂ ನಿಲ್ಲದ ನಡುಕ. ಅಂದಂದಿನ ಕೂಲಿಗೂ ಕಲ್ಲು ಬಿತ್ತು.

ವಾಡಿಯಿಂದ ಚಿತ್ತಾಪುರ, ಸೇಡಂಗಳನ್ನು ದಾಟಿ ಸಿಕಂದರಾಬಾದಿಗೆ ಹೋಗುವ ರೈಲುದಾರಿ 1874ರಲ್ಲಿ ತೆರೆಯಿತು. ಆ ದಾರಿಯ ಕೊನೆಯ ಊರಿನಲ್ಲಿಯೇ, 1897ರ ಆಗಸ್ಟ್ 20ರಂದು, ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. ರೋಗವನ್ನು ಹೊತ್ತು ತರುವವರಾರೆಂಬುದೇನೋ ತಿಳಿಯಿತು. ಆದರೆ ಬಾಯಿ ಹೊಲಿದ ಚೀಲದಂತಿರುವ ರಕ್ತಕಣದೊಳಕ್ಕೆ ಆ ಜೀವಿ ಹೋಗುವುದು ಹೇಗೆ?

ಇದಕ್ಕೆ ಉತ್ತರ ಸಿಗಲು ಮತ್ತೆ ಸುಮಾರು 80 ವರ್ಷ ಬೇಕಾಯಿತು. ಪಶ್ಚಿಮ ಆಫ್ರಿಕದ ಜನರಿಗೆ ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ತಗಲುವುದು ಬಲು ಅಪರೂಪ. ಅವರಲ್ಲಿ ಬಹುಪಾಲು ಮಂದಿಯ ಕೆಂಪು ಕಣಗಳ ಮೇಲೆ ಡಫಿ ಎಂಬ ಪ್ರೋಟೀನು ಇಲ್ಲದಿರುವುದೇ ಇದರ ಗುಟ್ಟೆಂದು 1976ರಲ್ಲಿ ಲೂಯಿ ಮಿಲ್ಲರ್ ಮತ್ತು ಸಂಗಡಿಗರು ತೋರಿಸಿದರು. ನಮ್ಮವರ ಕಣಗಳ ಮೇಲೆ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಈ ಕಳ್ಳ ಬಾಗಿಲನ್ನು ಮುರಿಯುವವನಲ್ಲ. ಮನೆಯವರೇ ಇಟ್ಟ ಅಗುಳಿಗೆ ಕೈಹಾಕುವವನು.

ಅಲ್ಲದೆ ವೈವಾಕ್ಸ್ ನುಗ್ಗುವುದು ಆಗತಾನೆ ಹುಟ್ಟಿದ ಎಳೆಯ ಕೆಂಪು ಕಣಗಳಿಗೆ. ಕಾರಣ 2018ರಲ್ಲಿ ಹೊರಬಿತ್ತು. ಎಳೆಯ ಕಣವು ಕಬ್ಬಿಣಾಂಶವನ್ನು ಒಳಗೆ ಸೆಳೆದುಕೊಳ್ಳಲು ಮೈಮೇಲೆ ಇನ್ನೊಂದು ಪ್ರೋಟೀನನ್ನು ಇಟ್ಟುಕೊಂಡಿರುತ್ತದೆ. ಬಲಿತ ಕಣದಲ್ಲಿ ಅದು ಇರುವುದಿಲ್ಲ. ವೈವಾಕ್ಸ್ ಹಿಡಿಯುವುದು ಅದನ್ನೇ. ಮಗುವಿಗೆ ಹಾಲು ಕೊಡಲು ತೆರೆದ ಕಿಂಡಿಯಿಂದ ಕಳ್ಳ ನುಸುಳಿದಂತೆ! ಕಿಂಡಿಯನ್ನು ಮುಚ್ಚೋಣವೆಂದರೆ, ಕಬ್ಬಿಣವಿಲ್ಲದೆ ರಕ್ತ ಕೆಂಪಾಗದು.

ಆದ್ದರಿಂದ ವಿಜ್ಞಾನಿಗಳು ಅಗುಳಿಯನ್ನು ಬಿಟ್ಟು ಕಳ್ಳನ ಕೈಯನ್ನೇ ಕಟ್ಟಲು ಹೊರಟಿದ್ದಾರೆ. ಹೆಚ್ಚು ಪ್ರಾಣಾಂತಕವಾದ ಫಾಲ್ಸಿಪೇರಮ್ ಜಾತಿಯು ರಕ್ತಕಣದ ಬ್ಯಾಸಿಜಿನ್ ಎಂಬ ಪ್ರೋಟೀನನ್ನು ಹಿಡಿಯುವುದೆಂದು 2011ರಲ್ಲಿ ತಿಳಿಯಿತು. ಹಾಗೆ ಹಿಡಿಯುವ ಅದರ ಕೈಗೆ ತಡೆಯೊಡ್ಡುವ ಲಸಿಕೆಯು ಬುರ್ಕಿನಾ ಫಾಸೊದ ಮಕ್ಕಳಲ್ಲಿ ರೋಗವನ್ನು ಸುಮಾರು ಅರ್ಧಕ್ಕೆ ಇಳಿಸಿತೆಂದು 2024ರಲ್ಲಿ ವರದಿಯಾಯಿತು.

ವೈವಾಕ್ಸಿನದು ಇನ್ನೊಂದು ಮೋಸ. ಅದು ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ಬಳಿಕ ಮತ್ತೆ ಏಳಬಲ್ಲದು. ವೈದ್ಯರು ಪ್ರೈಮಾಕ್ವಿನ್ ಗುಳಿಗೆಯನ್ನು 14 ದಿನ ತಪ್ಪದೆ ನುಂಗಬೇಕೆನ್ನುವುದು ಅದಕ್ಕಾಗಿಯೇ. ಮೂರನೆಯ ದಿನಕ್ಕೆ ನಡುಕ ನಿಂತಿತೆಂದರೆ ಕೂಲಿಯವನು ಉಳಿದ ಗುಳಿಗೆಗಳನ್ನು ಗೋಡೆಯ ಗೂಡಿನಲ್ಲಿಟ್ಟು, ಸುತ್ತಿಗೆ ಹಿಡಿದು ಗಣಿಗೆ ಹೊರಡುತ್ತಾನೆ.