ಪಾಕಶಾಲೆಯ ಉಕ್ಕಿನ ಮನುಷ್ಯರು

ವಿರಾಟನಗರಿಯಲ್ಲಿ ಭೀಮಸೇನನು ವಲಲನೆಂಬ ಹೆಸರಿನಿಂದ ಒಂದು ವರ್ಷ ಅಡುಗೆಯವನಾಗಿದ್ದನೆಂಬುದನ್ನು ನೀವೆಲ್ಲರೂ ಬಲ್ಲಿರಿ. ಅವನು ಕೀಚಕನನ್ನು ಕೊಂದ ರಾತ್ರಿಯ ಕಥೆಯನ್ನು ಯಾರನ್ನು ಕೇಳಿದರೂ ಹೇಳಿಯಾರು. ಆದರೆ ಅದರ ಹಿಂದಿನ ಹಗಲು ಅವನು ಒಲೆಯ ಮೇಲೆ ಏನನ್ನು ಇಟ್ಟಿದ್ದನು, ಅದಕ್ಕೆ ಉಪ್ಪನ್ನು ಯಾವಾಗ ಹಾಕಿದನು ಎಂದು ಕೇಳಿದವರಿಲ್ಲ. ಊಟವನ್ನು ಹೊಗಳುವವರು ಬಹುಮಂದಿ. ಅಡುಗೆ ಮಾಡುವ ಕೈಗಳನ್ನು ನೋಡುತ್ತ ಕುಳಿತುಕೊಳ್ಳುವವರು ವಿರಳ.

ಜಪಾನಿನ ಒಂದು ಟೆಲಿವಿಷನ್ ಕಾರ್ಯಕ್ರಮವು ಲಕ್ಷಾಂತರ ಜನರನ್ನು ಆ ಕೈಗಳ ಮುಂದೆಯೇ ಕೂಡಿಸಿತು. ಅದರ ಹೆಸರು ‘ರ್ಯೋರಿ ನೋ ತೆತ್ಸುಜಿನ್’, ಎಂದರೆ ಅಡುಗೆಯ ಉಕ್ಕಿನ ಮನುಷ್ಯರು. ಫುಜಿ ಟೆಲಿವಿಷನ್ ಸಂಸ್ಥೆಯು ಇದನ್ನು 1993ರ ಅಕ್ಟೋಬರಿನಲ್ಲಿ ಆರಂಭಿಸಿ 1999ರ ಸೆಪ್ಟೆಂಬರಿನವರೆಗೆ ನಡೆಸಿತು. ಆಮೇಲೆ ‘ಐರನ್ ಶೆಫ್’ ಎಂಬ ಇಂಗ್ಲಿಷ್ ಹೆಸರಿನಿಂದ ಅದು ಪರದೇಶಗಳಿಗೂ ಹೋಯಿತು. ಈ ಲೇಖಕನು ಅದರ ಅಭಿಮಾನಿ. ಆದುದರಿಂದ ಹೊಗಳಿಕೆ ಎಲ್ಲಿಯಾದರೂ ತುಸು ಹೆಚ್ಚಾಗಿದ್ದರೆ ವಾಚಕರು ಮನ್ನಿಸಬೇಕು.

ಕಾರ್ಯಕ್ರಮದ ಹಂದರವು ಅಜ್ಜಿಕಥೆಯಂತಿದೆ. ಒಬ್ಬ ಶ್ರೀಮಂತ ಭೋಜನಪ್ರಿಯನು ತನ್ನ ಕೋಟೆಯೊಳಗೆ ಅಡುಗೆಯ ಕ್ರೀಡಾಂಗಣವೊಂದನ್ನು ಕಟ್ಟಿಸಿ, ಸಮರ್ಥರಾದ ಬಾಣಸಿಗರನ್ನು ಆರಿಸಿ ಇಟ್ಟುಕೊಂಡಿದ್ದಾನೆ. ಹೊರಗಿನಿಂದ ಬಂದ ಯಾವ ಬಾಣಸಿಗನಾದರೂ ಅವರಲ್ಲೊಬ್ಬನನ್ನು ಕರೆದು ಸ್ಪರ್ಧಿಸಬಹುದು. ಈ ಶ್ರೀಮಂತನ ಪಾತ್ರವನ್ನು ವಹಿಸಿದವರು ಕಾಗಾ ತಾಕೇಶಿ ಎಂಬ ರಂಗನಟರು. ಜರತಾರಿಯ ನಿಲುವಂಗಿಯನ್ನು ತೊಟ್ಟು, ಆರಂಭದಲ್ಲಿಯೇ ಹಳದಿ ದೊಣ್ಣೆಮೆಣಸಿನಕಾಯಿಯೊಂದನ್ನು ಹಸಿಹಸಿಯಾಗಿ ಕಚ್ಚಿ ಮುಗುಳ್ನಗುವ ಅವರ ಠೀವಿಯನ್ನು ಕಂಡರೆ ನಮ್ಮ ಬಯಲಾಟದ ರಾಜವೇಷವು ನೆನಪಿಗೆ ಬರುತ್ತದೆ. ನಗು ಬಂದರೆ ನಗಬಹುದು. ನಗಲೆಂದೇ ಅದು ಇರುವುದು.

ಆದರೆ ಜಾಗಟೆಯು ಬಾರಿಸಿದ ಕ್ಷಣದಿಂದ ಹಾಸ್ಯವು ಹಿಂದೆ ಸರಿಯುತ್ತದೆ. ಆ ದಿನದ ಮುಖ್ಯ ಪದಾರ್ಥದ ಮೇಲಿನ ಮುಸುಕನ್ನು ತೆಗೆಯುತ್ತಾರೆ. ಅದು ಬದನೆಕಾಯಿಯಾಗಿರಬಹುದು, ಮೀನಾಗಿರಬಹುದು. ಇರುವುದು ಒಂದೇ ಗಂಟೆ. ಅಷ್ಟರಲ್ಲಿ ಇಬ್ಬರೂ ತಮ್ಮ ಸಹಾಯಕರೊಡನೆ ಆ ಒಂದೇ ಪದಾರ್ಥವು ಪ್ರಧಾನವಾಗಿರುವಂತೆ ಹಲವು ಬಗೆಗಳನ್ನು ಸಿದ್ಧಪಡಿಸಬೇಕು. ಬಳಿಕ ತೀರ್ಪುಗಾರರು ರುಚಿ ನೋಡಿ ಅಂಕಗಳನ್ನು ಕೊಡುತ್ತಾರೆ. ಪ್ರತಿಯೊಬ್ಬರ ಕೈಯಲ್ಲಿರುವ 20 ಅಂಕಗಳಲ್ಲಿ 10 ರುಚಿಗೆ. ಉಳಿದವು ಅಂದಕ್ಕೂ ಹೊಸತನಕ್ಕೂ ಸಮವಾಗಿ ಹಂಚಿಕೆ.

ಈ ಒಂದು ಗಂಟೆಯನ್ನು ಕ್ರಿಕೆಟ್ ಪಂದ್ಯದಂತೆ ವೀಕ್ಷಕ ವಿವರಣೆಯೊಡನೆ ತೋರಿಸಿದುದೇ ನಿರ್ಮಾಪಕರ ಜಾಣ್ಮೆ. ಮೇಲೆ ಕುಳಿತು ವರ್ಣಿಸುವವರು ಫುಕುಯಿ. ಅವರ ಪಕ್ಕದಲ್ಲಿ ಅಡುಗೆಯ ಶಿಕ್ಷಣಸಂಸ್ಥೆಯನ್ನು ನಡೆಸುತ್ತಿದ್ದ ಹತ್ತೋರಿ ಯುಕಿಯೊ ಎಂಬ ಪಂಡಿತರು. ಕೆಳಗೆ ಒಲೆಗಳ ನಡುವೆ ಓಡಾಡುವ ವರದಿಗಾರ ಓತಾ ಎಂಬವರು ‘ಫುಕುಯಿ-ಸಾನ್!’ ಎಂದು ನಡುವೆ ಕೂಗಿ, ಯಾರ ಬಾಣಲೆಗೆ ಏನು ಬಿದ್ದಿತೆಂದು ತಿಳಿಸುವರು. ಮೀನಿನ ಚರ್ಮದ ಮೇಲೆ ಗೀರು ಏಕೆ ಹಾಕಿದರು, ಎಲೆಗಳನ್ನು ಬೇಯಿಸಿದ ಕೂಡಲೆ ಮಂಜಿನ ನೀರಿಗೆ ಏಕೆ ಹಾಕಿದರು ಎಂಬಂಥ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ದೊರೆಯುತ್ತದೆ. ಹೀಗೆ ನೋಡುವವನಿಗೆ ತಿಳಿಯದಂತೆಯೇ ಪಾಠವಾಗುತ್ತದೆ.

ಉಕ್ಕಿನ ಮನುಷ್ಯರಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದವರು ಮಿಚಿಬಾ ರೊಕುಸಾಬುರೊ. 1931ರಲ್ಲಿ ಜನಿಸಿದ ಇವರು ಆಗಲೇ ಅರುವತ್ತು ದಾಟಿದ್ದರು. ಗಡಿಯಾರವು ಓಡುತ್ತಿರುವಾಗ ಇವರು ಮಾತ್ರ ಕುಂಚವನ್ನು ಹಿಡಿದು, ತಾನು ಮಾಡಲಿರುವ ಬಗೆಗಳ ಹೆಸರುಗಳನ್ನು ಕಾಗದದ ಮೇಲೆ ಅಂದವಾಗಿ ಬರೆಯುತ್ತಿದ್ದರು! ಎದುರಾಳಿಯು ಬೆವರು ಸುರಿಸುತ್ತಿದ್ದರೂ ಇವರಿಗೆ ಅವಸರವಿಲ್ಲ. ಅನಂತರ ‘ಜೀವದ ಸಾರು’ ಎಂದು ಹೆಸರಾಗಿದ್ದ ತಿಳಿಸಾರನ್ನು ಕಾಯಿಸುವರು. ಜಪಾನೀಯರು ಇಂಥ ಸಾರನ್ನು ‘ದಾಶಿ’ ಎನ್ನುತ್ತಾರೆ. ಒಣಗಿಸಿದ ‘ಕೊಂಬು’ ಎಂಬ ಕಡಲಪಾಚಿಯನ್ನು ನೀರಿನಲ್ಲಿ ಕಾಯಿಸಿ, ಹೊಗೆಯಲ್ಲಿ ಒಣಗಿಸಿ ಕಟ್ಟಿಗೆಯಂತೆ ಗಟ್ಟಿಯಾದ ‘ಕತ್ಸುವೊ’ ಮೀನನ್ನು ಹೊಪ್ಪಳೆ ಹೊಪ್ಪಳೆಯಾಗಿ ಹೆರೆದು ಹಾಕಿ, ಸೋಸಿದರೆ ದಾಶಿ ಸಿದ್ಧ. ಇದೇ ಕಡಲಪಾಚಿಯ ಸಾರನ್ನು ಪರೀಕ್ಷಿಸಿದ ಇಕೆದಾ ಕಿಕುನಾಯೆ ಎಂಬ ರಸಾಯನಶಾಸ್ತ್ರಜ್ಞರು 1908ರಲ್ಲಿ ಅದರೊಳಗಿನ ಗ್ಲುಟಮಿಕ್ ಆಮ್ಲವನ್ನು ಬೇರ್ಪಡಿಸಿ, ಸಿಹಿ, ಹುಳಿ, ಉಪ್ಪು, ಕಹಿಗಳಲ್ಲದ ಇನ್ನೊಂದು ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ನಮ್ಮ ಷಡ್ರಸಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೆ ಹಣ್ಣಾದ ಟೊಮೇಟೋವಿನಲ್ಲಿಯೂ ಆ ರುಚಿ ಇದೆ. ನಾಲಿಗೆ ಅದನ್ನು ಅರಿತೇ ಇದೆ.

ಚೀನೀ ಅಡುಗೆಯ ಪ್ರತಿನಿಧಿಯಾದ ಚೆನ್ ಕೆನ್‌ಇಚಿಯವರ ಕಥೆ ಇನ್ನೊಂದು ಬಗೆಯದು. ಇವರ ತಂದೆ ಚೆನ್ ಕೆನ್‌ಮಿನ್ ಚೀನದ ಸಿಚುವಾನ್ ಪ್ರಾಂತದವರು; 1952ರಲ್ಲಿ ಜಪಾನಿಗೆ ಬಂದು 1958ರಲ್ಲಿ ಟೋಕಿಯೋದಲ್ಲಿ ಭೋಜನಶಾಲೆಯನ್ನು ತೆರೆದರು. ತಮ್ಮ ಊರಿನ ಉರಿಖಾರವನ್ನು ಜಪಾನಿನ ನಾಲಿಗೆಗೆ ತಕ್ಕಂತೆ ತಗ್ಗಿಸಿ, ‘ಮಾಪೊ ತೋಫು’ವನ್ನು ಅಲ್ಲಿ ಮನೆಮನೆಯ ತಿನಿಸಾಗುವಂತೆ ಮಾಡಿದರು. ಮುಂಬಯಿಯ ಹೋಟೆಲಿನ ಸಾಂಬಾರನ್ನು ಊರಿನ ಹುಳಿಯೊಡನೆ ಹೋಲಿಸಿ ನೋಡಿದವರಿಗೆ ಇದು ಹೊಸ ಮಾತಲ್ಲ. ಮಗನು ಜಪಾನಿನಲ್ಲಿಯೇ ಹುಟ್ಟಿ ಬೆಳೆದು, ಆ ವಲಸೆಯ ಅಡುಗೆಯನ್ನು ಇಡೀ ದೇಶದ ಮುಂದೆ ಪ್ರತಿನಿಧಿಸಿದನು.

ದೋಷಗಳಿಲ್ಲವೆಂದಲ್ಲ. ತೀರ್ಪುಗಾರರಲ್ಲಿ ನಟಿಯರೂ ಭವಿಷ್ಯ ಹೇಳುವವರೂ ಇರುತ್ತಿದ್ದರು. ಅವರ ಹೊಗಳಿಕೆ ಕೆಲವೊಮ್ಮೆ ಬರಿಯ ಉದ್ಗಾರ. ಜೀವವಿರುವ ಜಲಚರಗಳನ್ನು ಹಲಗೆಯ ಮೇಲಿಟ್ಟು ಕತ್ತರಿಸುವಾಗ ನಾನು ಮುಖ ತಿರುಗಿಸಿದ್ದೇನೆ. ದುಂದಂತೂ ಹೇಳತೀರದು. ಕಾರ್ಯಕ್ರಮವು ಮುಗಿದಾಗ ಅವರೇ ಕೊಟ್ಟ ಲೆಕ್ಕದ ಪ್ರಕಾರ ಸಾಮಗ್ರಿಗಳಿಗೆ ತಗುಲಿದ ಒಟ್ಟು ವೆಚ್ಚವು 84 ಕೋಟಿ ಯೆನ್ನುಗಳಿಗೂ ಮಿಕ್ಕಿತ್ತು, ಮೊಟ್ಟೆಗಳೇ 4,593! ದುಬಾರಿ ಅಣಬೆ, ಮೀನಿನ ಮೊಟ್ಟೆಗಳನ್ನು ಸುರಿದರೆ ಅಂಕಗಳು ತಾನಾಗಿ ಬರುವುವೆಂಬ ಭ್ರಮೆ ಕೆಲವು ಬಾಣಸಿಗರಿಗೆ ಇದ್ದಂತೆ ಕಾಣುತ್ತದೆ.

ಆದರೂ ಕೆಲಸದ ಮೇಲಿನ ಭಕ್ತಿ ಅಲ್ಲಿ ಸುಳ್ಳಾಗಿರಲಿಲ್ಲ. 2000ದಲ್ಲಿ ನ್ಯೂಯಾರ್ಕಿನಲ್ಲಿ ಒಂದು ವಿಶೇಷ ಸ್ಪರ್ಧೆ ಏರ್ಪಟ್ಟಿತು. ಅಮೆರಿಕದ ಬಾಬಿ ಫ್ಲೇ ಎಂಬ ಬಾಣಸಿಗನು ಗಂಟೆ ಮುಗಿದ ಹರ್ಷದಲ್ಲಿ ತನ್ನ ಹೆಚ್ಚುವ ಹಲಗೆಯ ಮೇಲೆಯೇ ಹತ್ತಿ ನಿಂತು ಕೈಗಳನ್ನು ಎತ್ತಿದನು. ಎದುರಾಳಿ ಮೊರಿಮೊತೊ ಮಸಾಹರು ಅದನ್ನು ಕಂಡು ನೊಂದು, ಹಲಗೆಯೂ ಕತ್ತಿಯೂ ನಮಗೆ ಪವಿತ್ರವಾದುವು, ಅವುಗಳನ್ನು ತುಳಿಯುವವನು ಬಾಣಸಿಗನಲ್ಲ ಎಂಬ ಅರ್ಥದ ಮಾತನ್ನಾಡಿದರು. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಅಂದು ಗೆದ್ದವರು ಮೊರಿಮೊತೊ.

ನೂರಾರು ಸ್ಪರ್ಧೆಗಳಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಮಾತ್ರ 1994ರ ಒಂದನ್ನು. ಚೆನ್ ಅವರಿಗೆ ಎದುರಾಗಿ ನಿಂತವರು ಕೊಬಯಾಶಿ ಕತ್ಸುಯೊ ಎಂಬ ಮಹಿಳೆ. ಇವರು ಭೋಜನಶಾಲೆಯ ಒಡತಿಯಾಗಿ ಹೆಸರಾದವರಲ್ಲ. ಮನೆಯಲ್ಲಿ, ಕೆಲಸದಿಂದ ದಣಿದು ಬಂದ ಸಂಜೆಯಲ್ಲಿ, ಇದ್ದುದರಲ್ಲಿಯೇ ಬೇಗನೆ ರುಚಿಯಾಗಿ ಮಾಡುವುದು ಹೇಗೆ ಎಂಬುದನ್ನೇ ಶಾಸ್ತ್ರವಾಗಿ ಅಭ್ಯಸಿಸಿ, ಅನೇಕ ಪುಸ್ತಕಗಳನ್ನು ಬರೆದವರು. ಮುಸುಕು ತೆಗೆದಾಗ ಕಂಡದ್ದು ಆಲೂಗಡ್ಡೆ. ಅಣಬೆಯಲ್ಲ, ಸೀಗಡಿಯಲ್ಲ, ಮಾರುಕಟ್ಟೆಯ ಚೀಲದಲ್ಲಿ ಎಲ್ಲಕ್ಕಿಂತ ಕೆಳಗೆ ಬೀಳುವ ಆಲೂಗಡ್ಡೆ. ಕ್ರೀಡಾಂಗಣದಲ್ಲಿ ಒಂದು ಕಡೆ ಜ್ವಾಲೆಯೇಳುವ ದೊಡ್ಡ ಬಾಣಲೆಯನ್ನು ಒಂದೇ ಕೈಯಿಂದ ಚಿಮ್ಮಿಸುವ ಕುಶಲಿ. ಇನ್ನೊಂದು ಕಡೆ ಯಾವ ತಾಯಿಯೂ ದಿನವೂ ಮಾಡುವ ಕೆಲಸವನ್ನು ವೃತ್ತಿಯಾಗಿ ಕೈಗೊಂಡಿದ್ದವರು. ತೀರ್ಪುಗಾರರು ಎರಡೂ ಕಡೆಯ ತಟ್ಟೆಗಳನ್ನು ಬರಿದು ಮಾಡಿ ಅಂಕಗಳನ್ನು ಕೂಡಿದಾಗ ಗೆಲುವು ಕೊಬಯಾಶಿಯವರದಾಗಿತ್ತು.

ಕೊಬಯಾಶಿ 2014ರಲ್ಲಿಯೂ ಚೆನ್ 2023ರಲ್ಲಿಯೂ ತೀರಿಕೊಂಡರು. ಆಲೂಗಡ್ಡೆಯನ್ನೂ ಮಾಂಸವನ್ನೂ ಬೇಯಿಸಿ ಮಾಡುವ ‘ನಿಕುಜಾಗಾ’ ಜಪಾನಿನ ಮನೆಗಳ ನಿತ್ಯದ ತಿನಿಸು. ಅದನ್ನು ಬೇಗನೆ ಮಾಡುವ ಕೊಬಯಾಶಿಯವರ ಕ್ರಮವನ್ನು ಅನುಸರಿಸುವವರು ಅಲ್ಲಿ ಈಗಲೂ ಇದ್ದಾರೆ.