ವೇಷ ಬಂತು, ಋಣ ಬರಲಿಲ್ಲ: ಸೂಪರ್‌ಹೀರೋ ಸಿನಿಮಾ ಎಡವೋದು ಎಲ್ಲಿ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಗೋಣಿಕೊಪ್ಪದಿಂದ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರ ಪ್ರಶ್ನೆ ಹೀಗಿದೆ: "ನೂರಾರು ಕೋಟಿ ಸುರಿದು ಮಾಡಿದ ಸೂಪರ್‌ಹೀರೋ ಸಿನಿಮಾಗಳು ಮಕಾಡೆ ಮಲಗ್ತಾವೆ. ನಮ್ಮ ಪಕ್ಕದ ವಯನಾಡಿನ ಹುಡುಗ ಮಾಡಿದ 'ಮಿನ್ನಲ್ ಮುರಳಿ'ಯನ್ನ ಮಾತ್ರ ಮನೆಮಂದಿಯೆಲ್ಲ ಎರಡೆರಡು ಸಲ ನೋಡಿದ್ವಿ. ಇದ್ಯಾಕೆ ಹೀಗೆ? ನಮ್ಮ ಕೊಡಗಿನಿಂದಲೂ ಇಂಥದ್ದೊಂದು ಬರಬಹುದಾ?"

ಒಳ್ಳೆ ಪ್ರಶ್ನೆ. ಮೊದಲ ಭಾಗಕ್ಕೆ ನನ್ನ ಉತ್ತರ ಒಂದೇ ಪದದ್ದು: ಋಣ. ಕಾಮಿಕ್ಸ್‌ನಿಂದ ತೆರೆಗೆ ಬರುವಾಗ ಹೀರೋನ ವೇಷ, ಹಾರಾಟ, ಹೊಡೆದಾಟ ಎಲ್ಲ ಸುಲಭವಾಗಿ ಬಂದುಬಿಡುತ್ತವೆ. ಅವನು ಯಾರಿಗೆ ಋಣಿ, ಯಾತಕ್ಕೆ ಋಣಿ ಅನ್ನೋದು ಹಿಂದೆಯೇ ಉಳಿದುಬಿಡುತ್ತೆ. ಅದು ಉಳಿದ್ರೆ ಸಿನಿಮಾ ಬರೀ ಪಟಾಕಿ ಅಂಗಡಿ.

ಸ್ಪೈಡರ್‌ಮ್ಯಾನನ್ನೇ ತಗೊಳ್ಳಿ. 1962ರಲ್ಲಿ ಬಂದ ಮೊದಲ ಕಥೆಯಲ್ಲೇ ಪೀಟರ್ ಪಾರ್ಕರ್ ಒಬ್ಬ ಕಳ್ಳನನ್ನ 'ನನಗೇನಂತೆ' ಅಂತ ಓಡಿಹೋಗೋಕೆ ಬಿಡ್ತಾನೆ. ಅದೇ ಕಳ್ಳ ಮುಂದೆ ಪೀಟರ್‌ನ ಚಿಕ್ಕಪ್ಪನನ್ನ ಕೊಲ್ತಾನೆ. ಆಮೇಲೆ ಅವನು ಎಷ್ಟು ಜನರನ್ನ ಉಳಿಸಿದರೂ ಆ ಸಾಲ ತೀರೋದಿಲ್ಲ. ಸ್ಯಾಮ್ ರೈಮಿ 2004ರಲ್ಲಿ ಮಾಡಿದ 'ಸ್ಪೈಡರ್‌ಮ್ಯಾನ್ 2' ಗೆದ್ದಿದ್ದು ಇದನ್ನ ಹಿಡಿದುಕೊಂಡಿದ್ದಕ್ಕೆ. ಅದರಲ್ಲಿ ಹೀರೋಗೆ ಪಿಜ್ಜಾ ತಲುಪಿಸೋ ಕೆಲಸವೂ ಉಳಿಯೋದಿಲ್ಲ, ಬಾಡಿಗೆ ಕಟ್ಟೋಕೆ ದುಡ್ಡಿರೋದಿಲ್ಲ. ಅವನು ಗೋಡೆ ಹತ್ತೋದನ್ನ ನಾವು ನಂಬೋದು, ಬಾಡಿಗೆ ಕಟ್ಟೋಕೆ ಒದ್ದಾಡೋದನ್ನ ಮೊದಲೇ ನಂಬಿರೋದ್ರಿಂದ.

ಎದುರು ಉದಾಹರಣೆ 2015ರ 'ಫೆಂಟಾಸ್ಟಿಕ್ ಫೋರ್'. ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ 1961ರಲ್ಲಿ ಇದನ್ನ ಶುರು ಮಾಡಿದಾಗ ಅದರ ಜೀವಾಳ ಇದ್ದದ್ದು ಒಂದು ಕುಟುಂಬದಲ್ಲಿ. ಜಗಳ ಆಡ್ತಾರೆ, ಮುನಿಸಿಕೊಳ್ತಾರೆ, ಮತ್ತೆ ಒಂದೇ ಮೇಜಿಗೆ ಊಟಕ್ಕೆ ಕೂರ್ತಾರೆ. 2015ರ ಚಿತ್ರದಲ್ಲಿ ಆ ನಾಲ್ವರೂ ಒಂದೇ ಪ್ರಯೋಗಾಲಯದ ಸಹೋದ್ಯೋಗಿಗಳ ಹಾಗೆ ಕಾಣ್ತಾರೆ. ಶಕ್ತಿ ಇದೆ, ಸಂಬಂಧ ಇಲ್ಲ. 2025ರಲ್ಲಿ ಮತ್ತೆ ಮಾಡಿದಾಗ ಬಸುರಿ ತಾಯಿ, ಹುಟ್ಟಲಿರೋ ಮಗು ಅಂತ ಕುಟುಂಬವನ್ನೇ ನಡುಮನೆಗೆ ತಂದರು.

ಹಾಗಾದ್ರೆ ಮೂಲಕ್ಕೆ ನಿಷ್ಠರಾಗಿದ್ರೆ ಸಾಕಾ? ಸಾಲದು. 2009ರ 'ವಾಚ್‌ಮೆನ್' ಚಿತ್ರವನ್ನ ಪುಸ್ತಕದ ಪಕ್ಕದಲ್ಲಿಟ್ಟು ನೋಡಿ. ಎಷ್ಟೋ ದೃಶ್ಯಗಳು ಚೌಕಟ್ಟಿಗೆ ಚೌಕಟ್ಟು ಹೊಂದಿಕೊಳ್ಳುತ್ತವೆ. ಆದ್ರೆ ಪುಸ್ತಕ ಹೀರೋಗಳನ್ನ ಗುಮಾನಿಯಿಂದ ನೋಡುತ್ತೆ, ಸಿನಿಮಾ ಅವರ ಹೊಡೆದಾಟವನ್ನ ಸ್ಲೋ ಮೋಷನ್‌ನಲ್ಲಿ ಮೆಚ್ಚಿಕೊಳ್ಳುತ್ತೆ. 2017ರ 'ಲೋಗನ್' ಇದಕ್ಕೆ ಉಲ್ಟಾ. ಆಧರಿಸಿದ ಕಾಮಿಕ್ಸ್‌ನ ಬಹುಪಾಲು ಕಥೆಯನ್ನ ಬಿಟ್ಟೇಬಿಟ್ಟರು. ಉಳಿಸಿಕೊಂಡಿದ್ದು, ಮೈ ಸೋತ ಒಬ್ಬ ಮುದಿ ಯೋಧ ಬೇಡ ಬೇಡ ಅಂದುಕೊಂಡೇ ಮತ್ತೆ ಹೊಣೆ ಹೊರೋದನ್ನ. ಸೂಪರ್‌ಹೀರೋ ಕಾಮಿಕ್ಸ್ ಆಧಾರಿತ ಚಿತ್ರವೊಂದರ ಚಿತ್ರಕಥೆ ಆಸ್ಕರ್‌ಗೆ ನಾಮನಿರ್ದೇಶನಗೊಂಡದ್ದು ಅದೇ ಮೊದಲು.

ಈಗ ನಮ್ಮ ಕಡೆಗೆ ಬರೋಣ. 2004ರಲ್ಲಿ 'ಸ್ಪೈಡರ್‌ಮ್ಯಾನ್: ಇಂಡಿಯಾ' ಅನ್ನೋ ಕಾಮಿಕ್ಸ್ ಬಂತು. ಅದರ ಚಿತ್ರಗಳನ್ನ ಬರೆದವರು ಬೆಂಗಳೂರಿನ ಕಲಾವಿದ ಜೀವನ್ ಕಾಂಗ್. ಪೀಟರ್ ಪಾರ್ಕರ್ ಅಲ್ಲಿ ಪವಿತ್ರ್ ಪ್ರಭಾಕರ್ ಆದ, ಮೇರಿ ಜೇನ್ ಮೀರಾ ಜೈನ್ ಆದಳು, ನಾರ್ಮನ್ ಆಸ್ಬಾರ್ನ್ ನಳಿನ್ ಒಬೆರಾಯ್ ಆದ. ಜೇಡ ಕಚ್ಚೋ ಬದಲು ಯೋಗಿಯೊಬ್ಬ ಶಕ್ತಿ ಕೊಟ್ಟ, ಬಿಗಿ ಪ್ಯಾಂಟಿನ ಬದಲು ಧೋತಿ ಬಂತು. ಚಿತ್ರಗಳು ಚೆನ್ನಾಗಿವೆ, ನನಗಿಷ್ಟ. ಆದ್ರೆ ಕಥೆ ಹೆಸರಿಗೆ ಹೆಸರು, ವಸ್ತುವಿಗೆ ವಸ್ತು ಬದಲಾಯಿಸಿದ ಹಾಗಿತ್ತು. ಬೇರು ಬಿಟ್ಟು ಕೊಂಬೆ ಮಾತ್ರ ಕಡಿದು ತಂದು ನೆಟ್ಟ ಹಾಗೆ. ಕಾಫಿ ತೋಟದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅದೇ ಪವಿತ್ರ್ 2023ರ 'ಅಕ್ರಾಸ್ ದಿ ಸ್ಪೈಡರ್‌ವರ್ಸ್' ಆನಿಮೇಶನ್ ಚಿತ್ರದಲ್ಲಿ ಬಂದಾಗ ಮಕ್ಕಳು ಚಪ್ಪಾಳೆ ಹೊಡೆದರು. ಆ ಚಿತ್ರ ಕನ್ನಡವೂ ಸೇರಿ ಇಲ್ಲಿನ ಹಲವು ಭಾಷೆಗಳಲ್ಲಿ ಬಿಡುಗಡೆಯಾಗಿತ್ತು. ಈ ಸಲ ಅವನಿಗೊಂದು ಊರು ಸಿಕ್ಕಿತ್ತು. ಮುಂಬೈ ಮತ್ತು ಮ್ಯಾನ್‌ಹಟನ್ ಕಲಸಿದ ಮುಂಬಟ್ಟನ್. ಆ ಟ್ರಾಫಿಕ್ಕು, ಚಹಾದ ಬಗ್ಗೆ ಅವನ ಜಗಳ, ಕೂದಲಿನ ಬಗ್ಗೆ ಅವನ ಜಂಬ. ಮೊದಲು ಎಲ್ಲ ಸಲೀಸು ಅಂತ ಮೆರೀತಾನೆ. ಆಮೇಲೆ ಊರು ಕುಸಿಯೋಕೆ ಶುರುವಾಗಿ, ಪ್ರೀತಿಸೋ ಹುಡುಗಿಯ ಅಪ್ಪ ಸಾವಿನ ಬಾಯಿಗೆ ಬಂದಾಗ ಅವನ ಮುಖದ ನಗು ಹೋಗುತ್ತೆ. ತೆರೆ ಮೇಲೆ ಅವನಿರೋದು ಕೆಲವೇ ನಿಮಿಷ. ಅಷ್ಟರಲ್ಲೇ ಅವನು ನಮ್ಮವನಾದ.

ಮಿನ್ನಲ್ ಮುರಳಿಗೆ ಬರ್ತೀನಿ. (ನೋಡಿಲ್ಲದವರು ಮುಂದಿನ ಪ್ಯಾರಾ ಬಿಟ್ಟು ಓದಿ.) ಇದು ಯಾವ ಕಾಮಿಕ್ಸ್‌ನ ರೂಪಾಂತರವೂ ಅಲ್ಲ, ನಿಜ. ಆದ್ರೆ ಕಾಮಿಕ್ಸ್‌ನ ಇಡೀ ವ್ಯಾಕರಣವನ್ನ ಒಂದು ಮಲಯಾಳಿ ಹಳ್ಳಿಗೆ ಇಳಿಸಿದ ಕೆಲಸ. ನಿರ್ದೇಶಕ ಬೇಸಿಲ್ ಜೋಸೆಫ್ ವಯನಾಡಿನ ಸುಲ್ತಾನ್ ಬತ್ತೇರಿಯವರು. ಕುಟ್ಟ ದಾಟಿದ್ರೆ ವಯನಾಡು ತಾನೇ.

ಹೀರೋ ಜೇಸನ್ ಒಬ್ಬ ಟೈಲರ್, ಅಮೆರಿಕಕ್ಕೆ ಓಡಿಹೋಗೋ ಕನಸು ಕಾಣ್ತಿರೋನು. ಒಂದೇ ರಾತ್ರಿ ಸಿಡಿಲು ಇಬ್ಬರಿಗೆ ಹೊಡೆಯುತ್ತೆ. ಒಬ್ಬ ಇವನು, ಇನ್ನೊಬ್ಬ ಊರವರೆಲ್ಲ ಹುಚ್ಚ ಅಂತ ದೂರ ಇಟ್ಟಿದ್ದ ಶಿಬು. ಶಿಬುಗೆ ಬೇಕಾಗಿದ್ದದ್ದು ಒಬ್ಬಳೇ ಹೆಂಗಸಿನ ಪ್ರೀತಿ. ಊರು ಹಚ್ಚಿದ ಬೆಂಕಿಯಲ್ಲಿ ಅವಳೂ ಹೋಗ್ತಾಳೆ. ಅಲ್ಲಿಂದ ಅವನು ಊರಿನ ಮೇಲೆ ತಿರುಗಿ ಬೀಳ್ತಾನೆ. ಲೆಕ್ಕ ನೋಡಿ: ಇಬ್ಬರಿಗೂ ಒಂದೇ ಶಕ್ತಿ, ಒಂದೇ ಊರು. ಒಬ್ಬನಿಗೆ ಆ ಊರಿನ ಋಣ ಇದೆ, ಇನ್ನೊಬ್ಬನಿಗೆ ಆ ಊರೇ ಸಾಲ ಉಳಿಸಿಕೊಂಡಿದೆ. ಗುರು ಸೋಮಸುಂದರಂ ಅವರ ಶಿಬುವನ್ನ ನೋಡಿ ಅತ್ತವರು ನನಗೆ ಗೊತ್ತು. ವಿಲನ್‌ಗಾಗಿ ಅಳೋ ಸೂಪರ್‌ಹೀರೋ ಸಿನಿಮಾ ಎಷ್ಟಿವೆ ಹೇಳಿ?

ಇನ್ನು ಕೊಡಗು. ಕೊಡಗಿನ ಪುಸ್ತಕಗಳು ತೆರೆಗೆ ಬಂದೇ ಇಲ್ಲ ಅಂದುಕೊಳ್ಳಬೇಡಿ. ಕೊಡಗಿನ ಲೇಖಕ ಭಾರತೀಸುತ ಅವರ ಕಾದಂಬರಿಗಳಿಂದ ಎಪ್ಪತ್ತರ ದಶಕದಲ್ಲಿ ಸಾಲುಸಾಲು ಚಿತ್ರಗಳಾದವು. ಪುಟ್ಟಣ್ಣ ಕಣಗಾಲ್ 1973ರಲ್ಲಿ 'ಎಡಕಲ್ಲು ಗುಡ್ಡದ ಮೇಲೆ' ಮಾಡಿದರು. ಆಮೇಲೆ 'ಬಯಲು ದಾರಿ', 'ಗಿರಿಕನ್ಯೆ', 1979ರಲ್ಲಿ 'ಹುಲಿಯ ಹಾಲಿನ ಮೇವು'. ತಮಾಷೆ ಅಂದ್ರೆ ಆ ಎಡಕಲ್ಲು ಗುಡ್ಡ ಇರೋದೂ ಸುಲ್ತಾನ್ ಬತ್ತೇರಿ ಹತ್ತಿರವೇ! ಯುದ್ಧದಿಂದ ಮೈ ಮುರಿದುಕೊಂಡು ಬಂದ ಸೈನಿಕ ಗಂಡ, ಅವನನ್ನ ಬಿಡಲೂ ಆಗದೆ ತನ್ನ ಆಸೆಯನ್ನ ಅದುಮಲೂ ಆಗದೆ ಬೇಯೋ ಮಾಧವಿ. ಜಯಂತಿಯವರ ಆ ಪಾತ್ರವನ್ನ ಜನ ಇನ್ನೂ ನೆನಪಿಟ್ಟುಕೊಂಡಿರೋದು ಗುಡ್ಡದ ಚೆಲುವಿಗಲ್ಲ, ಆ ಇಕ್ಕಟ್ಟಿಗೆ. 'ಹುಲಿಯ ಹಾಲಿನ ಮೇವು' ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ: ರಾಜ್‌ಕುಮಾರ್ ಕೊಡವ ಉಡುಪಿನಲ್ಲಿ ಬಂದ ವೀರಗಾಥೆ. ಅದಾದ ಮೇಲೆ ಕೊಡಗು ನಮ್ಮ ಸಿನಿಮಾಗಳಿಗೆ ಹೆಚ್ಚಾಗಿ ಮಂಜು, ಮಳೆ, ಹಾಡಿನ ಲೊಕೇಶನ್ ಆಗಿಬಿಟ್ಟಿತು.

ಹೀರೋಗೆ ನಮ್ಮಲ್ಲಿ ಬರವಿಲ್ಲ. ನಡಿಕೇರಿಯಂಡ ಚಿಣ್ಣಪ್ಪ ಅವರು ಸಂಗ್ರಹಿಸಿ 1924ರಲ್ಲಿ ಅಚ್ಚಾದ 'ಪಟ್ಟೋಲೆ ಪಳಮೆ' ತೆರೆದು ನೋಡಿ, ದುಡಿ ಹಿಡಿದು ಹಾಡೋ ವೀರರ ಹಾಡುಗಳು ಸಿಗುತ್ತವೆ. ವೀರನಾಗಿ ಬದುಕಿ, ಸತ್ತ ಮೇಲೆ ದೈವವಾದ ಕಲಿಯಾಟ ಅಜ್ಜಪ್ಪ ಇದ್ದಾನೆ. ಋಣ ಅಂದೆನಲ್ಲ, ಒಕ್ಕದ ಹಿರಿಯರಿಗೆ ಕೈಮಡದಲ್ಲಿ ವರ್ಷ ವರ್ಷ ಕೊಡೋದು ಅದನ್ನೇ. ಸತ್ತವನ ಜೊತೆಗೂ ಲೆಕ್ಕ ಮುಗಿಯೋದಿಲ್ಲ ಇಲ್ಲಿ.

ಆದ್ರೆ ಒಂದು ತೊಡಕಿದೆ, ನನಗೆ ಅದೇ ಮಜಾ ಅನ್ಸೋದು. ಸೂಪರ್‌ಹೀರೋ ಕಥೆಯ ಅರ್ಧ ಜೀವ ಮುಖವಾಡದಲ್ಲಿ, ಗುಟ್ಟಿನ ಗುರುತಿನಲ್ಲಿ. ನ್ಯೂಯಾರ್ಕ್‌ನಲ್ಲಿ ಕನ್ನಡಕ ಹಾಕಿಕೊಂಡ್ರೆ ಯಾರಿಗೂ ಗೊತ್ತಾಗೋದಿಲ್ಲ. ಕೊಡಗಿನಲ್ಲಿ ಹೊಸಬರು ಸಿಕ್ಕ ಕೂಡಲೇ ಕೇಳೋ ಮೊದಲ ಪ್ರಶ್ನೆ 'ನೀವು ಯಾರ ಮನೆ?' ಅಂತ. ಮನೆಹೆಸರು ಹೇಳಿದ್ರೆ ಅಜ್ಜನಿಂದ ಹಿಡಿದು ಸೋದರಮಾವನವರೆಗೆ ಜಾತಕ ಬಿಚ್ಚುತ್ತೆ. ಮುಖ ಮುಚ್ಚಿಕೊಂಡು ಬಂದರೂ ನಡಿಗೆ ನೋಡಿ 'ಇವ ಇಂಥವರ ಮಗ' ಅಂದುಬಿಡ್ತಾರೆ. ಹಾಗಾಗಿ ಬ್ಯಾಟ್‌ಮ್ಯಾನನ್ನ ಮಡಿಕೇರಿಗೆ ಹಾಗೇ ತಂದಿಳಿಸಿದ್ರೆ ಮೊದಲ ದಿನವೇ ಕೆಟ್ಟಿತು. ಇಲ್ಲಿನ ಕಥೆಯಲ್ಲಿ ಗುಟ್ಟು ಎಲ್ಲರಿಗೂ ಗೊತ್ತಿರಬೇಕು, ಯಾರೂ ಬಾಯಿ ಬಿಡಬಾರದು. ಇಡೀ ಊರು ಸೇರಿ ಒಬ್ಬನ ಗುಟ್ಟು ಕಾಯೋದು, ಅದರಲ್ಲೊಬ್ಬ ಬಾಯಿ ಬಿಡೋದು. ನಾನಾದ್ರೆ ಅಲ್ಲಿಂದ ಕಥೆ ಶುರು ಮಾಡ್ತೀನಿ.

ವಿಲನ್ ಯಾರು? ಬೇರೆ ಗ್ರಹದವನು ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳೇ ಜಾರಿಬಂದವು. ಗುಡ್ಡಕ್ಕೆ ಗುದ್ದೋಕಾಗೋದಿಲ್ಲ. ಸಿದ್ದಾಪುರದ ಕಡೆ ತೋಟಕ್ಕೆ ಇಳಿಯೋ ಆನೆಯೂ ವಿಲನ್ ಅಲ್ಲ, ಅದರ ದಾರಿ ಮುಚ್ಚಿದ್ದು ನಾವು. ಹೀರೋನ ಕೈಯಲ್ಲಿ ಎಷ್ಟೇ ಬಲವಿದ್ದರೂ ಉಪಯೋಗಕ್ಕೆ ಬಾರದ ಜಾಗ ಇದು. ಅವನ ಸ್ವಂತ ಒಕ್ಕದವರೇ ಗುಡ್ಡ ಕಡಿಯೋಕೆ ಸಹಿ ಹಾಕಿದ್ದರೆ? ಅವನು ಯಾರ ಕಡೆ ನಿಲ್ಲಬೇಕು?

ಹಿಂದೆ ಬಾಲಮಂಗಳ ಓದಿ ಬೆಳೆದವರು ಕೇಳ್ತೀರಿ, 'ನಮ್ಮ ಡಿಂಗ ಇದ್ದನಲ್ಲ!' ಅಂತ. ಇದ್ದ. ಮಲಯಾಳಂನ ಡಿಂಕನ್ನೇ ಕನ್ನಡದ ಡಿಂಗ, ಕಾಡಿನ ಪ್ರಾಣಿಗಳನ್ನ ಕಾಯೋ ಇಲಿ. ಅವನನ್ನ ಆನಿಮೇಶನ್ ಮಾಡಿದ್ರೆ ನಾನಂತೂ ಮೊದಲ ದಿನವೇ ಟಿಕೆಟ್ ತಗೊಳ್ತೀನಿ.

ಗೋಣಿಕೊಪ್ಪದ ಕೇಳುಗರೇ, ಬರಬಹುದು. ಕೊಡವ ತಕ್ಕಿನಲ್ಲೋ ಕನ್ನಡದಲ್ಲೋ ಅನ್ನೋದು ಬೇರೆ ಜಗಳ. ಕೊಡವ ತಕ್ಕಿನ ಮೊದಲ ಚಿತ್ರ 'ನಾಡ ಮಣ್ಣೇ ನಾಡ ಕೂಳ್' ಬಂದದ್ದು 1972ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಆ ಭಾಷೆಯ ಸಿನಿಮಾ ಯಾರ ದುಡ್ಡಿನಲ್ಲಿ, ಯಾರಿಗಾಗಿ ನಡೆದುಬಂತು ಅನ್ನೋದನ್ನ ಮುಂದಿನ ವಾರ ಮಾತಾಡೋಣ.