ನೆರಳಿಲ್ಲದ ಬೆಳಕಿಗೆ ಎರಡು ಕೊಟೇಶನ್

ಮೂರು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಚಿಕ್ಕಮ್ಮನಿಂದ ವಾಟ್ಸ್ಆ್ಯಪ್‌ನಲ್ಲಿ ಎರಡು ಪಿಡಿಎಫ್ ಬಂದವು. ಹಿಂದೆಯೇ ಫೋನು. "ಲೋ, ನೀನು ಇಂಜಿನಿಯರ್ ಅಲ್ವೇನೋ, ಇದರಲ್ಲಿ ಯಾವುದು ತಗೊಳ್ಳೋದು ನೋಡಿ ಹೇಳು."

ಚಿಕ್ಕಮ್ಮ ಹೆರಿಗೆ ಡಾಕ್ಟರು. ಮಲೆನಾಡಿನ ಸಣ್ಣ ಊರೊಂದರಲ್ಲಿ ಚಿಕ್ಕಪ್ಪನ ಜೊತೆ 12 ಹಾಸಿಗೆಯ ನರ್ಸಿಂಗ್ ಹೋಮ್ ನಡೆಸ್ತಾರೆ. ಅಲ್ಲಿನ ಆಪರೇಷನ್ ಥಿಯೇಟರಿನ ಹಳೇ ಹ್ಯಾಲೊಜೆನ್ ಲೈಟು ಬದಲಾಯಿಸಬೇಕಿತ್ತು. ನಾನು ದಿನಾ ಬರೆಯೋದು ಪೇಮೆಂಟ್ ಆ್ಯಪ್‌ನ ಕೋಡು. ಆದರೆ ನಮ್ಮ ಮನೆಯಲ್ಲಿ ಇಂಜಿನಿಯರ್ ಅಂದರೆ ಮಿಕ್ಸಿಯಿಂದ ಹಿಡಿದು ಬೋರ್‌ವೆಲ್ ಮೋಟಾರ್‌ವರೆಗೆ ಎಲ್ಲಕ್ಕೂ ಹೊಣೆ.

ಮೊದಲ ಕೊಟೇಶನ್‌ನಲ್ಲಿ 1,60,000 ಲಕ್ಸ್. ಎರಡನೆಯದರಲ್ಲಿ 1,20,000, ಬೆಲೆ ಮಾತ್ರ ಜಾಸ್ತಿ. ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟೆ: "ಮೊದಲನೇದು ತಗೊಳ್ಳಿ ಚಿಕ್ಕಮ್ಮ." ಮೆಗಾಪಿಕ್ಸೆಲ್ ನೋಡಿ ಫೋನ್ ಆರಿಸುತ್ತೀವಲ್ಲ, ಹಾಗೆ.

"ಅಷ್ಟು ಬೇಗ ಹೇಳಿಬಿಟ್ಯಲ್ಲ, ಓದಿದ್ಯಾ?"

ಓದಿರಲಿಲ್ಲ. ಅವತ್ತು ಮಧ್ಯಾಹ್ನದಿಂದ ಶುರು ಮಾಡಿದೆ.

ಲಕ್ಸ್ ಅಂದರೆ ಒಂದು ಮೇಲ್ಮೈ ಮೇಲೆ ಎಷ್ಟು ಬೆಳಕು ಬೀಳುತ್ತೆ ಅನ್ನೋ ಅಳತೆ. ನಮ್ಮ ಆಫೀಸಿನ ಮೇಜಿಗೆ 500 ಲಕ್ಸ್ ಸಾಕು. ನಡುಮಧ್ಯಾಹ್ನದ ಬಿರುಬಿಸಿಲು ಸುಮಾರು 1,00,000. ಆಪರೇಷನ್ ಲೈಟುಗಳಿಗೆ ಅಂತಲೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-2-41. ಅದರ ಪ್ರಕಾರ ಲೈಟಿನಿಂದ 1 ಮೀಟರ್ ದೂರದಲ್ಲಿ, ಬೆಳಕಿನ ವೃತ್ತದ ನಡುವೆ 40,000ದಿಂದ 1,60,000 ಲಕ್ಸ್ ಇರಬೇಕು. ಅಂದರೆ 1,60,000 ಅನ್ನೋದು ಮೇಲಿನ ಗಡಿ, ಫಸ್ಟ್ ರ‍್ಯಾಂಕ್ ಅಲ್ಲ. ಆ ವೃತ್ತಕ್ಕೂ ಲೆಕ್ಕ ಇದೆ. ನಡುವಿನ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವ ಕಡೆಗೆ ವೃತ್ತದ ಅಂಚು ಅಂತಾರೆ. ಅರ್ಧಕ್ಕೆ ಇಳಿಯುವ ವೃತ್ತದ ಅಗಲ, ಈ ಪೂರ್ತಿ ವೃತ್ತದ ಅಗಲದ ಅರ್ಧಕ್ಕಿಂತ ಕಡಿಮೆ ಇರಬಾರದು. ಇಲ್ಲದಿದ್ದರೆ ನಡುವೆ ಒಂದು ಚುಕ್ಕಿ ಮಾತ್ರ ಝಗಝಗ ಅಂದು ದೊಡ್ಡ ಅಂಕಿ ತೋರಿಸಿಬಿಡಬಹುದು. ಮೊದಲ ಪಿಡಿಎಫ್‌ನಲ್ಲಿ ವೃತ್ತದ ಅಗಲವೂ ಇರಲಿಲ್ಲ, ಎಷ್ಟು ದೂರದಲ್ಲಿ ಅಳೆದದ್ದು ಅಂತಲೂ ಇರಲಿಲ್ಲ.

ಇದನ್ನು ಹೇಳಿದರೆ ಚಿಕ್ಕಮ್ಮ ನಕ್ಕರು. "ಲಕ್ಸು ಬಿಡೋ. ನನ್ನ ತಲೆ ಅಡ್ಡ ಬಂದ್ರೆ ಏನಾಗುತ್ತೆ ಅದು ನೋಡು."

ನಿಜವಾದ ಸಮಸ್ಯೆ ಅದೇ. ಸರ್ಜನ್ ಬಗ್ಗಿ ನೋಡಬೇಕು, ಬಗ್ಗಿದರೆ ಅವರ ತಲೆಯ ನೆರಳು ಗಾಯದ ಮೇಲೇ ಬೀಳುತ್ತೆ. ವಿದ್ಯುತ್ ಬರುವ ಮೊದಲು ಸೂರ್ಯನೇ ದೀಪ. ಲಂಡನ್ನಿನಲ್ಲಿ ಒಂದು ಚರ್ಚಿನ ಅಟ್ಟದಲ್ಲಿ 1822ರಲ್ಲಿ ಕಟ್ಟಿದ ಆಪರೇಷನ್ ಥಿಯೇಟರ್ ಈಗ ಮ್ಯೂಸಿಯಂ ಆಗಿದೆ. ಮೇಜಿನ ನೆತ್ತಿಯ ಮೇಲೇ ದೊಡ್ಡ ಗಾಜಿನ ಚಾವಣಿ. ಅಟ್ಟದಲ್ಲಿ ಯಾಕೆ ಅಂದರೆ ಬೆಳಕಿಗಾಗಿ. ಮೋಡ ಕವಿದರೆ ಕಷ್ಟ, ಸಂಜೆಯಾದರೆ ಇನ್ನೂ ಕಷ್ಟ. ಆಮೇಲೆ ಬಲ್ಬು ಬಂತು, ನೆರಳು ಹಾಗೇ ಉಳಿಯಿತು. ಅದಕ್ಕೊಂದು ದಾರಿ ಹುಡುಕಿದವರು ಆಗ ಅಲ್ಜೀರ್ಸ್‌ನಲ್ಲಿ ಪ್ರೊಫೆಸರ್ ಆಗಿದ್ದ ಫ್ರೆಂಚ್ ವಿಜ್ಞಾನಿ ಲೂಯಿ ವೆರಾಂ, 1919ರಲ್ಲಿ. ಒಂದೇ ಬಲ್ಬು, ಅದರ ಸುತ್ತ ಕನ್ನಡಿಗಳ ದೊಡ್ಡ ಬಳೆ. ಪ್ರತಿ ಕನ್ನಡಿಯೂ ಬೇರೆ ಬೇರೆ ಕಡೆಯಿಂದ ಒಂದೇ ಜಾಗಕ್ಕೆ ಬೆಳಕು ಕಳಿಸುತ್ತೆ. ಒಂದು ತಲೆ ನಾಲ್ಕಾರು ಕನ್ನಡಿಗೆ ಅಡ್ಡ ಬಂದರೂ ಉಳಿದವು ಕೆಲಸ ಮಾಡುತ್ತವೆ. ಈ ದೀಪಕ್ಕೆ ಇಟ್ಟ 'ಸಿಯಾಲಿಟಿಕ್' ಅನ್ನೋ ಹೆಸರಿಗೆ ಗ್ರೀಕ್ ಮೂಲದಲ್ಲಿ ನೆರಳನ್ನು ಕರಗಿಸುವುದು ಅಂತ ಅರ್ಥ. ಫ್ರೆಂಚರು ಇವತ್ತಿಗೂ ಆಪರೇಷನ್ ಲೈಟಿಗೆ ಹಾಗೇ ಅಂತಾರೆ. (ನಮ್ಮ ಸರ್ವರ್‌ಗಳೂ ಹೀಗೇ ಅಲ್ವಾ, ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳಬೇಕು.)

ಈಗ ಕನ್ನಡಿಯ ಜಾಗಕ್ಕೆ ಹತ್ತಾರು ಎಲ್ಇಡಿ ಬಂದಿವೆ. ನೆರಳು ಪೂರ್ತಿ ಮಾಯವಾಗೋದೂ ಬೇಡ, ಸ್ವಲ್ಪ ಇದ್ದರೇ ಗಾಯದ ಆಳ ಗೊತ್ತಾಗೋದು. ಎಷ್ಟು ಕರಗುತ್ತೆ ಅಂತ ಅಳೆಯೋಕೂ ಪರೀಕ್ಷೆ ಇದೆ. ತಲೆಯ ಬದಲು ಒಂದು ತಟ್ಟೆ ಅಡ್ಡ ಹಿಡೀತಾರೆ, ಆಮೇಲೆ ಎರಡು. ಆಳವಾದ ಗಾಯದ ಬದಲು ಒಂದು ಕೊಳವೆ ಇಟ್ಟು ಅದರ ತಳಕ್ಕೆ ಎಷ್ಟು ಬೆಳಕು ಮುಟ್ಟುತ್ತೆ ನೋಡ್ತಾರೆ. ಎರಡನೇ ಕೊಟೇಶನ್‌ನಲ್ಲಿ ಈ ಎಲ್ಲ ಶೇಕಡಾವಾರು ಅಂಕಿಗಳಿದ್ದವು. ಮೊದಲನೆಯದರಲ್ಲಿ 'ಶ್ಯಾಡೋಲೆಸ್' ಅನ್ನೋ ಒಂದೇ ಪದ, ದಪ್ಪಕ್ಷರದಲ್ಲಿ.

ಇನ್ನು ಬಣ್ಣ. ಎರಡರಲ್ಲೂ ಸಿಆರ್‌ಐ ಅನ್ನೋ ಅಂಕಿ ಚೆನ್ನಾಗಿಯೇ ಇತ್ತು. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನೋ ಅಳತೆ ಅದು. ಮಾನದಂಡ ಕೇಳೋದು 85ರಿಂದ 100. ಆದರೆ ಆ ಅಂಕಿ ಎಂಟು ತಿಳಿ ಬಣ್ಣಗಳ ಸರಾಸರಿ, ಗಾಢ ಕೆಂಪು ಅದರಲ್ಲಿ ಇಲ್ಲವೇ ಇಲ್ಲ! ಕೆಂಪಿಗೆ ಆರ್9 ಅಂತ ಬೇರೆ ಅಂಕಿ. ಬಿಳಿ ಎಲ್ಇಡಿಗಳು ಸಾಮಾನ್ಯವಾಗಿ ನೀಲಿ ಎಲ್ಇಡಿಗೆ ಹಳದಿ ಲೇಪ ಕೊಟ್ಟು ಮಾಡಿದವು, ಹಾಗಾಗಿ ಅಗ್ಗದವು ಸೋಲೋದು ಕೆಂಪಿನಲ್ಲೇ. ಥಿಯೇಟರಿನಲ್ಲಿ ನೋಡಬೇಕಾದ್ದು ಮುಖ್ಯವಾಗಿ ಕೆಂಪನ್ನು: ಅಪಧಮನಿಯ ಹೊಳೆವ ಕೆಂಪು, ಅಭಿಧಮನಿಯ ಕಡು ಕೆಂಪು, ರಕ್ತ ಸರಿಯಾಗಿ ಹರಿಯದ ಅಂಗಾಂಶದ ಕಪ್ಪು ಛಾಯೆ. ಮೊದಲ ಕಂಪನಿಗೆ ಫೋನ್ ಮಾಡಿ ಆರ್9 ಎಷ್ಟು ಅಂತ ಕೇಳಿದೆ. "ಸರ್, ಅದು ಯಾವ ಮಾಡೆಲ್?" ಅಂದರು.

ಶಾಖದ ಲೆಕ್ಕ ಹಾಕಿದ ಮೇಲಂತೂ ದೊಡ್ಡ ಅಂಕಿಯ ಮೋಹ ಪೂರ್ತಿ ಹೋಯಿತು. ಬೆಳಕು ಅಂದರೆ ಶಕ್ತಿ, ಅದು ಬಿದ್ದ ಕಡೆ ಬಿಸಿಯಾಗುತ್ತೆ, ತೆರೆದ ಅಂಗಾಂಶ ಒಣಗುತ್ತೆ. ಗಾಯದ ಮೇಲೆ ಒಂದು ಚದರ ಮೀಟರಿಗೆ 1,000 ವ್ಯಾಟ್ ಮೀರಬಾರದು ಅನ್ನುತ್ತೆ ಮಾನದಂಡ. ಮೊದಲ ಲೈಟು ಪ್ರತಿ ಲಕ್ಸ್‌ಗೆ 3.5 ಮಿಲಿವ್ಯಾಟ್ ಅಂತ ಬರೆದಿತ್ತು. 1,60,000ದಿಂದ ಗುಣಿಸಿದರೆ 560 ವ್ಯಾಟ್. ಪರವಾಗಿಲ್ಲ. ಆದರೆ ಅವರು ಕೊಡ್ತಿದ್ದದ್ದು ಎರಡು ತಲೆಯ ಲೈಟು. ಎರಡನ್ನೂ ಪೂರ್ತಿ ಇಟ್ಟು ಒಂದೇ ಕಡೆ ತಿರುಗಿಸಿದರೆ 1,120.

ಕೊನೆಗೆ ಬ್ಯಾಟರಿ. ಆಸ್ಪತ್ರೆಗಳ ವಿದ್ಯುತ್ ವ್ಯವಸ್ಥೆಗೆ ಇನ್ನೊಂದು ಮಾನದಂಡವಿದೆ, ಐಇಸಿ 60364-7-710. ಕರೆಂಟ್ ಹೋದರೆ ಆಪರೇಷನ್ ಲೈಟು ಅರ್ಧ ಸೆಕೆಂಡಿನೊಳಗೆ ಮತ್ತೆ ಹತ್ತಬೇಕು ಅನ್ನುತ್ತೆ. ಜನರೇಟರ್ ಎದ್ದು ನಿಲ್ಲೋಕೇ ಹಲವು ಸೆಕೆಂಡ್ ಬೇಕು, ಹಾಗಾಗಿ ನಡುವೆ ಬ್ಯಾಟರಿ ಇರಲೇಬೇಕು. ಈ ಸಾಲು ಓದಿ ಹೇಳಿದಾಗ ಚಿಕ್ಕಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಹೇಳಿದರು. ನರ್ಸಿಂಗ್ ಹೋಮ್ ಶುರು ಮಾಡಿದ ಹೊಸತು, ಜೋರು ಮಳೆಗಾಲ. ಸಿಸೇರಿಯನ್‌ನಲ್ಲಿ ಮಗು ಹೊರಗೆ ಬಂದಿತ್ತು. ಗರ್ಭಕೋಶದ ಗಾಯದ ಒಂದು ಮೂಲೆಯಿಂದ ರಕ್ತ ಹರೀತಿತ್ತು. ಅಲ್ಲಿಗೆ ಕ್ಲ್ಯಾಂಪ್ ಹಾಕಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಮೊದಲ ಸಲಕ್ಕೆ ಹತ್ತಲಿಲ್ಲ. "ರಕ್ತ ಬರ್ತಿದ್ದ ಕಡೆ ಬೆರಳಲ್ಲಿ ಒತ್ತಿ ಹಿಡಿದು ನಿಂತೆ ಕಣೋ. ಕತ್ತಲಲ್ಲಿ ಕೈ ಅಲ್ಲಾಡಿಸಿದ್ರೆ ಆ ಜಾಗ ಮತ್ತೆ ಸಿಗಲ್ಲ. ಆಯಾ ಟಾರ್ಚ್ ತಂದಳು, ಅವಳ ಕೈ ನಡುಗ್ತಿತ್ತು." ಎಷ್ಟು ಹೊತ್ತು ಅಂತ ಕೇಳಿದೆ. "ಗೊತ್ತಿಲ್ಲ. ಒಂದು ನಿಮಿಷ ಇರಬಹುದು." ತಾಯಿ ಉಳಿದರು. ಆ ಮಗು ಈಗ ಹೈಸ್ಕೂಲು.

ಮೊದಲ ಕೊಟೇಶನ್‌ನಲ್ಲಿ ಬ್ಯಾಟರಿ 'ಐಚ್ಛಿಕ'. ಎಲ್ಇಡಿ ಎಳೆಯುವ ಕರೆಂಟ್ ಹ್ಯಾಲೊಜೆನ್‌ಗಿಂತ ಎಷ್ಟೋ ಕಡಿಮೆ, ಸಣ್ಣ ಬ್ಯಾಟರಿಯೂ ಬಹಳ ಹೊತ್ತು ಎಳೆಯುತ್ತೆ. ಅದನ್ನೂ ಉಳಿಸಿ ಬೆಲೆ ಇಳಿಸಿದ್ದರು.

ಮುಂದಿನ ಶನಿವಾರ ಚಿಕ್ಕಮ್ಮ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದರು. ಎರಡನೇ ಕಂಪನಿಯ ಶೋರೂಮಿಗೆ ಕರೆದುಕೊಂಡು ಹೋದೆ. ನನ್ನ ಕೈಯಲ್ಲಿ ಎಕ್ಸೆಲ್ ಶೀಟು. ಅವರು ಅದನ್ನು ನೋಡಲೇ ಇಲ್ಲ. ಬ್ರೋಷರ್ ಒಂದನ್ನು ಸುರುಳಿ ಸುತ್ತಿ ಮೇಜಿನ ಮೇಲೆ ನಿಲ್ಲಿಸಿ, ಆಪರೇಷನ್ ಮಾಡುವ ಹಾಗೇ ಬಗ್ಗಿ, ಒಳಗಿನ ತಳದ ಅಕ್ಷರ ಓದಿದರು. ತಲೆ ಎಡಕ್ಕೆ, ಬಲಕ್ಕೆ. ಎದುರಿಗೆ ಅಸಿಸ್ಟೆಂಟ್ ನಿಂತ ಹಾಗೆ ನಿಲ್ಲು ಅಂತ ನನ್ನನ್ನೂ ಬಗ್ಗಿಸಿದರು. ಆಮೇಲೆ ಅಂಗೈ ಒಡ್ಡಿ ಬಹಳ ಹೊತ್ತು ನೋಡಿದರು. "ಇದು ನನ್ನ ಕೈ ಥರಾನೇ ಇದೆ," ಅಂದರು. ಕೊನೆಗೆ ಸೇಲ್ಸ್ ಹುಡುಗನಿಗೆ ಪ್ಲಗ್ ಕೀಳೋಕೆ ಹೇಳಿದರು. ಕಿತ್ತ. ಲೈಟು ಮಿಣುಕಲೂ ಇಲ್ಲ.

ಅದನ್ನೇ ತಗೊಂಡೆವು. ದುಡ್ಡು ಹೊಂದಿಸೋಕೆ ಎರಡನೇ ತಲೆಯನ್ನು ಈ ವರ್ಷಕ್ಕೆ ಕೈಬಿಟ್ಟೆವು. ಬಳಸುವಾಗಲೂ ಅವರು ಅದನ್ನು ಅರ್ಧಕ್ಕಿಂತ ಮೇಲೆ ಏರಿಸೋದು ಕಡಿಮೆಯಂತೆ.

ಉಳಿದಿರೋದು ಆ ಕೋಣೆಯ ಟ್ಯೂಬ್‌ಲೈಟು. ಥಿಯೇಟರಿನ ಸಾಮಾನ್ಯ ಬೆಳಕು 1,000 ಲಕ್ಸ್ ಇರಬೇಕು ಅನ್ನೋದು ಯುರೋಪಿನ ಮಾನದಂಡ. ಹೊಳೆಯುವ ಗಾಯದಿಂದ ಕಣ್ಣೆತ್ತಿ ಮಾನಿಟರ್ ನೋಡಿದಾಗ ಸುತ್ತಲೂ ಕತ್ತಲಿದ್ದರೆ ಕಣ್ಣು ಹೊಂದಿಕೊಳ್ಳೋಕೆ ಸಮಯ ಬೇಕಲ್ಲ. ನನ್ನ ಫೋನಿನ ಆ್ಯಪ್ ಅಲ್ಲಿ 280 ತೋರಿಸಿತು. ಫೋನಿನ ಸೆನ್ಸರ್ ನಂಬೋ ಹಾಗಿಲ್ಲ. ಮುಂದಿನ ವಾರ ಸರಿಯಾದ ಲಕ್ಸ್ ಮೀಟರ್ ಹಿಡಿದು ಊರಿಗೆ ಹೊರಟಿದ್ದೀನಿ. ಎಲೆಕ್ಟ್ರಿಷಿಯನ್‌ಗೆ ಚಿಕ್ಕಪ್ಪ ಆಗಲೇ ಹೇಳಿಟ್ಟಿದ್ದಾರೆ.